ಸುಬ್ರಮಣಿಯ ಗೋಡೆ

ಸೀಗೆಪಲ್ಲಿಯ ಹಾಲಿನ ಸಂಘದ ಗೋಡೆಗೆ ಒಂದು ಕಾಯಿದೆ ಇದೆ. ಕಾರ್ಯದರ್ಶಿ ರುಜು ಹಾಕದೆ ಅದರ ಮೇಲೆ ಒಂದು ಚೀಟಿಯನ್ನೂ ಅಂಟಿಸುವ ಹಾಗಿಲ್ಲ. ಈ ಕಾಯಿದೆ ಯಾವ ಸರ್ಕಾರದ್ದೂ ಅಲ್ಲ, ಸತ್ತುಹೋದ ವೆಂಕಟೇಶಪ್ಪನದು. ಇಪ್ಪತ್ತೆರಡು ವರ್ಷ ಆ ಸಂಘದ ಕಾರ್ಯದರ್ಶಿಯಾಗಿದ್ದವನು. ಬೋರ್‌ವೆಲ್ ಕೊರೆಯುವವರು, ಪಶು ಆಹಾರದ ಏಜೆಂಟರು, ಚುನಾವಣೆಗೆ ನಿಂತವರು, ಮೂಲವ್ಯಾಧಿ ಡಾಕ್ಟರು, ಯಾರೇ ಬಂದರೂ ಮೊದಲು ಅವನಿಗೆ ಕಾಗದ ತೋರಿಸಬೇಕು. ಅವನು ಕನ್ನಡಕ ಏರಿಸಿ ಎರಡು ಸಲ ಓದಬೇಕು. ಮೂಲೆಯಲ್ಲಿ ನೀಲಿ ಇಂಕಿನ ರುಜು ಬಿದ್ದ ಮೇಲೆಯೇ ಅಂಟು. ಒಮ್ಮೆ ಯಾವನೋ ಹಾಲು ಹೆಚ್ಚಿಸುವ ಇಂಜೆಕ್ಷನ್ನಿನವನು ಕೇಳದೆ ಅಂಟಿಸಿ ಹೋಗಿದ್ದಕ್ಕೆ ವೆಂಕಟೇಶಪ್ಪ ಆ ಕಾಗದವನ್ನು ಉಗುರಿನಿಂದ ಕೆರೆದು ಕೆರೆದು ತೆಗೆದು ಅಷ್ಟು ಜಾಗಕ್ಕೆ ಸುಣ್ಣ ಹೊಡೆಸಿದ್ದ. ಹಾಗಾಗಿ ಗೋಡೆ ಮೇಲಿದೆ ಅಂದರೆ ನಿಜ ಅನ್ನುವುದು ಊರಿಗೆ ಅಭ್ಯಾಸವಾಗಿಬಿಟ್ಟಿತ್ತು. ಓದು ಬಾರದವರೂ ಮೂಲೆಯಲ್ಲಿ ನೀಲಿ ಗೀಟು ಇದೆಯಾ ಅಂತ ನೋಡಿಯೇ ಮುಂದಿನ ಮಾತು ಆಡುತ್ತಿದ್ದರು.

ಆ ವೆಂಕಟೇಶಪ್ಪನ ಮಗ ಸುಬ್ರಮಣಿ. ಅಪ್ಪ ತೀರಿಕೊಂಡ ಮೇಲೆ ಕಾರ್ಯದರ್ಶಿಯ ಕುರ್ಚಿ, ಹಾಲು ಪರೀಕ್ಷೆ ಮಾಡುವ ಯಂತ್ರ, ನೀಲಿ ಪೆನ್ನು, ಮೂರೂ ಅವನ ಕೈಗೆ ಬಂದವು. ಅಪ್ಪನಿಗಿಲ್ಲದ ಒಂದು ಚಟ ಅವನಿಗಿತ್ತು, ಬರೆಯುವ ಚಟ. ಕಾಮಸಮುದ್ರ ಹೋಬಳಿಯ ಹಸು ಸಾಕುವವರಿಗಾಗಿ 'ಕೊಟ್ಟಿಗೆ ಮಾತು' ಅಂತ ಒಂದು ಬ್ಲಾಗ್ ನಡೆಸುತ್ತಿದ್ದ. ಕೆಚ್ಚಲು ಬಾವು ಬಂದರೆ ಮೊದಲು ಏನು ಮಾಡಬೇಕು, ಕರು ಅಡ್ಡ ಸಿಕ್ಕಿಕೊಂಡರೆ ಏನು ಮಾಡಬಾರದು, ಯಾವ ಸೊಪ್ಪು ಹಾಕಿದರೆ ಹೊಟ್ಟೆ ಉಬ್ಬುತ್ತದೆ, ಇಂಥವು. ಚೆನ್ನಾಗಿಯೇ ಬರೆಯುತ್ತಿದ್ದ, ಅದರಲ್ಲಿ ಎರಡು ಮಾತಿಲ್ಲ. ಪುಟದ ತಲೆಯಲ್ಲಿ ಅವನದೇ ಫೋಟೋ: ಹಾಲಿನ ಕ್ಯಾನಿನ ಮೇಲೆ ಕೈಯಿಟ್ಟು, ಮೀಸೆ ಬಾಚಿಕೊಂಡು, ಮದುವೆಗೆ ಹೊರಟವನ ಹಾಗೆ ನಿಂತಿದ್ದ. ಓದು ಬರುವವರು ಓದುತ್ತಿದ್ದರು. ಬಾರದವರು ಫೋಟೋ ನೋಡಿ ಇದು ನಮ್ಮ ಸುಬ್ರಮಣಿದು ಅಂತ ಗುರುತು ಹಿಡಿದು, ಮಿಕ್ಕಿದ್ದನ್ನು ಮನೆಯವರ ಕೈಲಿ ಓದಿಸಿಕೊಳ್ಳುತ್ತಿದ್ದರು.

ಹಾಗೆ ಓದಿಸಿಕೊಳ್ಳುವವರಲ್ಲಿ ಮೊದಲನೆಯವಳು ಅಮ್ಮಾಜಮ್ಮ, ವೆಂಕಟೇಶಪ್ಪನ ತಂಗಿ. ಸುಬ್ರಮಣಿಗೆ ನಾಲ್ಕು ವರ್ಷವಾಗಿದ್ದಾಗ ಅವನ ತಾಯಿ ಹೋದಳು. ಅಲ್ಲಿಂದಾಚೆ ಅವನಿಗೆ ಎಣ್ಣೆ ಹಚ್ಚಿ ನೀರು ಹುಯ್ದದ್ದು, ಜ್ವರ ಬಂದರೆ ಮಡಿಲಲ್ಲಿ ಹಾಕಿಕೊಂಡು ಕೂತದ್ದು, ಮೊದಲ ದಿನ ಸ್ಕೂಲಿಗೆ ಎಳೆದುಕೊಂಡು ಹೋದದ್ದು ಎಲ್ಲ ಈ ಅತ್ತೆಯೇ. ಅದೇ ಊರಿಗೆ ಕೊಟ್ಟಿದ್ದರಿಂದ ಅವಳ ಮನೆ ಎರಡೇ ಮನೆ ಆಚೆ. ಈಗ ಅರವತ್ತೈದು ದಾಟಿದವಳು. ಮಗ ದಿನಾ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಮೂಟೆ ಹೊರುವ ಕೆಲಸಕ್ಕೆ ಹೋಗುತ್ತಿದ್ದ. ಸೊಸೆ ಕಲ್ಪನ ರಾಬರ್ಟ್‌ಸನ್‌ಪೇಟೆಯ ಒಂದು ಸೀರೆ ಅಂಗಡಿಯಲ್ಲಿದ್ದಳು. ಎರಡು ಹಸು ಮತ್ತು ಒಂಬತ್ತು ವರ್ಷದ ಸಕ್ಕರೆ ಕಾಯಿಲೆ ಅಮ್ಮಾಜಮ್ಮನ ಪಾಲಿಗೆ. ಬೆಳಿಗ್ಗೆ ಮಾತ್ರೆ, ಹೊಟ್ಟೆಗೆ ಸೂಜಿ, ರಾತ್ರಿ ಮಾತ್ರೆ. ಗೊಣಗುತ್ತಾ ಆದರೂ ತಪ್ಪದೆ ತೆಗೆದುಕೊಳ್ಳುತ್ತಿದ್ದಳು.

ಬ್ಲಾಗಿಗೆ ಜಾಹೀರಾತು ಹಾಕಿಸಿಕೊಳ್ಳುವ ಬುದ್ಧಿ ಕೊಟ್ಟವನು ಆರುಮುಗಂ. ರಾಬರ್ಟ್‌ಸನ್‌ಪೇಟೆಯಲ್ಲಿ ಝೆರಾಕ್ಸ್, ಟೈಪಿಂಗ್, ಪಹಣಿ ತೆಗೆಸುವುದು, ಎಲ್ಲ ಒಂದೇ ಕೋಣೆಯಲ್ಲಿ ಮಾಡುವವನು. "ಇಷ್ಟು ಜನ ನೋಡ್ತಾರಲ್ಲ ಸಾರ್, ಒಂದು ಅಡ್ವಟೈಸ್ ಬಂದ್ರೆ ಪೇಪರ್ ಮಾದರಿ ಇರ್ತದೆ" ಅಂದ. ಆ 'ಪೇಪರ್ ಮಾದರಿ' ಅನ್ನುವ ಮಾತು ಸುಬ್ರಮಣಿಯ ತಲೆಗೆ ಹೊಕ್ಕಿತು. ದುಡ್ಡಿನ ಆಸೆಯಿಂದ ಮಾಡಿದ ಅಂತ ಆಮೇಲೆ ಊರವರು ಅಂದರು. ಅದು ಶುದ್ಧ ಸುಳ್ಳು. ಅವನಿಗಿದ್ದದ್ದು ದೊಡ್ಡಸ್ತಿಕೆಯ ಆಸೆ, ಅದು ದುಡ್ಡಿನ ಆಸೆಗಿಂತ ಕೆಟ್ಟದ್ದು.

ಅರ್ಜಿ ಹಾಕಿದರೆ ಜಾಹೀರಾತು ಕಂಪನಿ ಎರಡು ಸಲ ಆಗಲ್ಲ ಅಂದಿತು. ಮೂರನೇ ಸಲ ಆಗಲಿ ಅಂದಿತು. ಆದರೆ ಈ ಹೆಸರಿನವನು ಈ ವಿಳಾಸದಲ್ಲಿ ನಿಜವಾಗಿ ಇದ್ದಾನೆಯೇ ಅಂತ ಖಾತ್ರಿ ಮಾಡಿಕೊಳ್ಳುವುದಕ್ಕೆ ಅಂಚೆಯಲ್ಲಿ ಒಂದು ಲಕೋಟೆ ಕಳಿಸಿತು. ಒಳಗೆ ಆರು ಅಂಕಿ. ಅದನ್ನು ಕಂಪ್ಯೂಟರಿನಲ್ಲಿ ಒತ್ತಿದರೆ ಮುಗಿಯಿತು, ಅಷ್ಟೇ ಅದರ ಕಥೆ. ಗ್ರಹಚಾರಕ್ಕೆ ಪೋಸ್ಟ್‌ಮ್ಯಾನ್ ಬಂದದ್ದು ಬೆಳಗಿನ ಹಾಲಿನ ಹೊತ್ತಿಗೆ, ಸಂಘದ ಮುಂದೆ ನಲವತ್ತು ಜನ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದಾಗ. ಸುಬ್ರಮಣಿಯ ಕೈಯೆಲ್ಲ ಹಾಲಾಗಿತ್ತು. ಸಾಲಿನ ಮುಂದಿದ್ದ ಅಮ್ಮಾಜಮ್ಮ ಕಾಗದ ಈಸಿಕೊಂಡು ಕಣ್ಣಿಗೊತ್ತಿಕೊಂಡಳು.

"ಎಲ್ಲಿಂದ ಬಂದೈತೆ ನಾಯ್ನಾ?" ಅಂದಳು.

"ಪಾರಿನ್ನಿಂದ ಅತ್ತೆ. ಜಾಹೀರಾತು ಕಂಪ್ನಿಯೋರು."

"ಏನಂತೆ?"

ಆರು ಅಂಕಿ ಇದೆಯಂತೆ ಅಂದಿದ್ದರೆ ಮುಗಿದುಹೋಗುತ್ತಿತ್ತು. ನಲವತ್ತು ಜನ ತನ್ನನ್ನೇ ನೋಡುತ್ತಿರುವಾಗ ಸುಬ್ರಮಣಿಗೆ ಅಷ್ಟು ಸಣ್ಣ ಮಾತು ಆಡುವುದಕ್ಕೆ ಮನಸ್ಸಾಗಲಿಲ್ಲ. "ನನ್ ಪುಟದಾಗೆ ಜಾಹೀರಾತು ಆಕೋಕೆ ನನ್ ಒಪ್ಗೆ ಕೇಳವ್ರೆ" ಅಂದ.

ಹಿಂದೆ ನಿಂತಿದ್ದ ಚಿಕ್ಕವೆಂಕಟಪ್ಪ, ಮೂರು ಹಸು ಸಾಕಿಕೊಂಡು ಒಂಟಿಯಾಗಿರುವ ಮನುಷ್ಯ, ತಲೆಯಾಡಿಸಿದ. "ಅಂದ್ರೆ ನಮ್ ಗೋಡೆ ತರಾನೇ ಅನ್ನು. ನೀನು ರುಜು ಆಕಿದ್ರೇನೇ ಅಂಟು."

"ಊಂ, ಅಂಗೇ ಅನ್ಕೊ" ಅಂದುಬಿಟ್ಟ ಸುಬ್ರಮಣಿ. ಅವತ್ತು ಸಂಜೆ ಸಂಘದಲ್ಲಿ ಎಲ್ಲರಿಗೂ ಮೈಸೂರ್‌ಪಾಕ್ ಹಂಚಿದ.

ಮೊದಲ ತಿಂಗಳು ಎಲ್ಲ ಚಂದವಾಗಿತ್ತು. ಅವನ ಫೋನಿನಲ್ಲಿ ಪುಟ ತೆರೆದರೆ ಹಾಲು ಕರೆಯುವ ಯಂತ್ರ, ಸಣ್ಣ ಟ್ರಾಕ್ಟರು, ಕೊಟ್ಟಿಗೆಗೆ ಹಾಸುವ ರಬ್ಬರ್ ಚಾಪೆ. ಅದನ್ನು ಕಂಡು ಅವನಿಗೆ ಹೆಮ್ಮೆಯಾಗುತ್ತಿತ್ತು. ಕಂಪನಿಯವರು ನನ್ನ ಬರಹ ಓದಿಯೇ ಇಂಥವು ಕಳಿಸುತ್ತಾರೆ ಅಂದುಕೊಂಡ. ಒಂದು ದಿನ ಹೆಂಡತಿ ರಾಧ ಮುದ್ದೆ ತಿರುವುತ್ತಾ, "ನನ್ ಪೋನಾಗೆ ನಿನ್ ಪುಟ ತೆಗುದ್ರೆ ಬರೀ ಸೀರೆ, ಬಳೆ ಬತ್ತವೆ. ಅದನ್ನೂ ನೀನೇ ಆಕಿದ್ದಾ?" ಅಂತ ಕೇಳಿದಳು. ಅವನು ನಕ್ಕುಬಿಟ್ಟ. ಒಂದೇ ಪುಟ ಇಬ್ಬರಿಗೆ ಬೇರೆ ಬೇರೆ ಯಾಕೆ ಕಂಡೀತು ಅಂತ ಅವನಿಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು.

ಯುಗಾದಿ ಕಳೆದ ಮೇಲೆ ಅಮ್ಮಾಜಮ್ಮ ಬಲಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಹಾಲಿಗೆ ಬರುತ್ತಿದ್ದಳು. ಕಲ್ಲು ಎಡವಿದ್ದು ಅಂದಳು. "ಡಾಕ್ಟ್ರಿಗೆ ತೋರ್ಸತ್ತೆ" ಅಂದ ಸುಬ್ರಮಣಿ. "ತಗೋತಿದೀನಲ್ಲ, ವಾಸಿ ಆಗ್ತದೆ" ಅಂದಳು. ಯಾವಾಗಲೂ ತೆಗೆದುಕೊಳ್ಳುವ ಮಾತ್ರೆ, ಸೂಜಿಯ ಮಾತು ಅಂತ ತಿಳಿದು ಅವನು ಮುಂದಿನ ಕ್ಯಾನಿಗೆ ಕೈ ಹಾಕಿದ.

ಜೂನ್ ತಿಂಗಳ ಒಂದು ಬೆಳಿಗ್ಗೆ ಅವಳು ಕೊಟ್ಟಿಗೆಯಲ್ಲಿ ಹಸುವಿನ ಪಕ್ಕದಲ್ಲೇ ಕುಸಿದು ಬಿದ್ದಳು. ಸುಬ್ರಮಣಿಯೇ ಕಾರು ಮಾಡಿಕೊಂಡು ಕಲ್ಪನಳ ಜೊತೆ ಕೋಲಾರದ ಆಸ್ಪತ್ರೆಗೆ ಸೇರಿಸಿದ. ಬಟ್ಟೆ ಬಿಚ್ಚಿದ ನರ್ಸಮ್ಮ ಮುಖ ಆಚೆ ತಿರುಗಿಸಿದಳು. ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಕರ್ರಗಾಗಿದ್ದವು. ರಕ್ತ ಪರೀಕ್ಷೆಯ ಚೀಟಿ ನೋಡಿದ ಡಾಕ್ಟರು ಕಲ್ಪನಳ ಕಡೆ ಸಿಡುಕಿದರು. ಎಷ್ಟು ದಿನದಿಂದ ಔಷಧಿ ನಿಲ್ಲಿಸಿದ್ದೀರಿ ಅಂತ ಕೇಳಿದರು.

ಕಲ್ಪನ ಅಳುವುದಕ್ಕೆ ಶುರುಮಾಡಿದಳು. "ನಲವತ್ತು ದಿನ ಆಯ್ತು ಸಾರ್. ಪುಡಿ ತಗೋವಾಗ ಮಾತ್ರೆ, ಸೂಜಿ ತಗೋಬಾರ್ದು ಅಂತ ಏಳಿದ್ರು."

"ಯಾರು ಹೇಳಿದ್ದು?"

ಅವಳು ಸುಬ್ರಮಣಿಯ ಮುಖ ನೋಡಿದಳು. ಡಾಕ್ಟರು ಅತ್ತ ಹೋದ ಮೇಲೆ ತನ್ನ ಫೋನು ತೆರೆದು ಅವನ ಕೈಗೆ ಕೊಟ್ಟಳು. ಮೇಲೆ ಕ್ಯಾನಿನ ಮೇಲೆ ಕೈಯಿಟ್ಟು ನಿಂತ ಅವನದೇ ಫೋಟೋ. ಅದರ ಕೆಳಗೇ ಬಿಳಿ ಗಡ್ಡದ ಒಬ್ಬ ಮುದುಕ ಒಂದು ಡಬ್ಬಿ ಹಿಡಿದು ನಗುತ್ತಿದ್ದ. 'ಸಿಹಿಗೆಲುವು ಚೂರ್ಣ. ಮಾತ್ರೆ ಬಿಡಿ, ಸೂಜಿ ಬಿಡಿ. ಒಂದೇ ಮಂಡಲದಲ್ಲಿ ಸಕ್ಕರೆ ಕಾಯಿಲೆ ಬುಡಸಮೇತ ಮಾಯ.' ಕೆಳಗೆ ಫೋನ್ ಮಾಡುವ ಹಸಿರು ಗುಂಡಿ. ಸುಬ್ರಮಣಿ ತನ್ನ ಫೋನಿನಲ್ಲಿ ಅದೇ ಪುಟ ತೆರೆದ. ಮುದುಕ ನಿಂತಿದ್ದ ಜಾಗದಲ್ಲಿ ರಬ್ಬರ್ ಚಾಪೆ ಇತ್ತು.

"ನನ್ನ ಒಂದ್ ಮಾತು ಕೇಳ್ಬಾರ್ದಾಗಿತ್ತಾ ಕಲ್ಪನ?"

"ಯಾಕೆ ಕೇಳ್ಬೇಕು ಬಾವ? ನೀನೇ ಆಕಿರುವಾಗ ನಿನ್ನನ್ನೇ ಕೇಳೋದಾ? ಅತ್ತೆ ನಿನ್ ಪಟ ನೋಡಿ, ಸುಬ್ರಮಣಿ ಆಕವ್ನೆ, ಪೋನ್ ಮಾಡು ಅಂದ್ರು. ನಾನೇ ಗುಂಡಿ ಒತ್ತಿದ್ದು."

ಅವಳ ಮಾತಿನಲ್ಲಿ ಒಂದು ಚೂರೂ ವ್ಯಂಗ್ಯವಿರಲಿಲ್ಲ. ಅದೇ ಅವನನ್ನು ಇರಿಯಿತು. ನಾಲ್ಕನೇ ದಿನ ಅಮ್ಮಾಜಮ್ಮನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಆ ನಾಲ್ಕು ದಿನದ ಮಧ್ಯೆಯೇ ಸುಬ್ರಮಣಿ ಆರುಮುಗಂ ಅಂಗಡಿಗೆ ಓಡಿದ. ಆರುಮುಗಂ ಜಾಹೀರಾತಿನ ಖಾತೆ ತೆರೆದು ತೋರಿಸಿದ. ಬೇಡ ಅನ್ನುವುದಕ್ಕೆ ಅಲ್ಲಿ ದೊಡ್ಡ ಪಟ್ಟಿಯೇ ಇತ್ತು: ಜೂಜು ಬೇಡ, ಸಾಲ ಬೇಡ, ತೂಕ ಇಳಿಸುವುದು ಬೇಡ, ಔಷಧಿ ಬೇಡ. ಒಂದೊಂದರ ಮುಂದೆಯೂ ಒಂದು ಗುಂಡಿ. ಸುಬ್ರಮಣಿ ಕಂಡದ್ದನ್ನೆಲ್ಲ ಬೇಡ ಅಂದ. ಕಲ್ಪನಳ ಫೋನಿನಲ್ಲಿದ್ದ ಪುಡಿ ಕಂಪನಿಯ ವಿಳಾಸವನ್ನು ಬೇರೆಯಾಗಿ ಬರೆದು ಅದನ್ನೂ ಬೇಡ ಅಂದ. ಅಪ್ಪ ಉಗುರಿನಿಂದ ಕೆರೆದ ಹಾಗೆ ತಾನೂ ಕೆರೆದೆ ಅನ್ನಿಸಿ ಉಸಿರು ಹಗುರಾಯಿತು.

ಎರಡು ದಿನಕ್ಕೆ ಅದೇ ಗಡ್ಡದ ಮುದುಕ ಕಲ್ಪನಳ ಫೋನಿನಲ್ಲಿ ಮತ್ತೆ ನಗುತ್ತಿದ್ದ. ಡಬ್ಬಿಯ ಮೇಲೆ ಹೆಸರು ಬೇರೆ, 'ಜೀವಸಮತೆ'. ವಿಳಾಸ ಬೇರೆ. ಔಷಧಿ ಅಂತ ಅಲ್ಲ, ಆಹಾರ ಅಂತ ಹೇಳಿಕೊಂಡು ಬಂದಿದ್ದ.

"ಇದು ಇಂಗೇ ಸಾರ್" ಅಂದ ಆರುಮುಗಂ. "ಒಂದು ಮುಚ್ಚಿದ್ರೆ ಇನ್ನೊಂದು ಬರ್ತದೆ. ಯಾರು ಏನು ಹುಡುಕ್ತಾರೋ ಅವರಿಗೆ ಅದೇ ಕಾಣ್ತದೆ. ಆ ಅಮ್ಮ ಶುಗರ್, ಶುಗರ್ ಅಂತ ಕೇಳಿರ್ತಾರೆ, ಫೋನು ಅದನ್ನೇ ತಂದು ಕೊಡ್ತದೆ. ನಿಮ್ಮ ಕಣ್ಣಿಗೆ ಅದು ಬೀಳೋದೇ ಇಲ್ಲ. ಪೂರ್ತಿ ನಿಲ್ಲಿಸಿಬಿಡಿ ಸಾರ್, ಒಂದೇ ಗುಂಡಿ."

ಅವತ್ತೇ ಆ ಒಂದು ಗುಂಡಿ ಒತ್ತಬೇಕಿತ್ತು. ಇದನ್ನು ಹೇಳುವಾಗ ನನಗೇ ಸಿಟ್ಟು ಬರುತ್ತದೆ. ಆದರೆ ಸುಬ್ರಮಣಿಯ ತಲೆಯಲ್ಲಿ ಬೇರೆ ಕೂತಿತ್ತು. ಪೂರ್ತಿ ನಿಲ್ಲಿಸಿದರೆ ಗೋಡೆ ತನ್ನ ಮಾತು ಕೇಳುವುದಿಲ್ಲ ಅಂತ ಒಪ್ಪಿಕೊಂಡ ಹಾಗೆ. ಅಪ್ಪ ಯಾವತ್ತಾದರೂ ಬೇಡದವನೊಬ್ಬ ಬಂದ ಅಂತ ಗೋಡೆಯನ್ನೇ ಕೆಡವಿದ್ದನಾ? "ನನ್ ಗೋಡೆ ಮ್ಯಾಲೆ ನನ್ ಮಾತು ನಡೀಲೇಬೇಕು ಆರುಮುಗಂ" ಅಂದ. ಹನ್ನೊಂದು ದಿನ ಅದೇ ಹಠ ಹಿಡಿದು, ದಿನಾ ಬಸ್ಸು ಹತ್ತಿ ಬಂದು ಮುದುಕನನ್ನು ಅಳಿಸಿದ. ದಿನಾ ಮುದುಕ ಇನ್ನೊಂದು ಹೆಸರಿನಲ್ಲಿ ಬಂದ.

ತನ್ನ ಕಣ್ಣಿಗೆ ಬೀಳದಿದ್ದರೆ ಊರವರ ಕಣ್ಣಲ್ಲಾದರೂ ನೋಡೋಣ ಅಂತ ಒಂದು ಸಂಜೆ ಹಾಲಿನ ಸಾಲಿನಲ್ಲಿ ನಿಂತವರಿಗೆಲ್ಲ ಫೋನು ತೆರೆದು 'ಕೊಟ್ಟಿಗೆ ಮಾತು' ತೋರಿಸಿ ಅಂದ. ಸಾಲಿನ ತುದಿಯಿಂದ ತುದಿಗೆ ನಡೆದ. ಎಲ್ಲ ಫೋನಿನ ತಲೆಯಲ್ಲೂ ಅವನೇ ಮೀಸೆ ಬಾಚಿಕೊಂಡು ನಿಂತಿದ್ದ. ಕೆಳಗೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು, ಅವನು ಬೇಡ ಅಂದವೂ ಬೇರೆ ವೇಷ ಹಾಕಿಕೊಂಡು ಬಂದಿದ್ದವು. ಒಬ್ಬನಿಗೆ ಇಸ್ಪೀಟು ಆಡಿ ಲಕ್ಷ ಗೆಲ್ಲಿ. ಒಬ್ಬಳಿಗೆ ಬಂಗಾರ ಅಡವಿಟ್ಟರೆ ಐದು ನಿಮಿಷದಲ್ಲಿ ದುಡ್ಡು. ಬೋಳು ತಲೆಯ ಒಬ್ಬನಿಗೆ ಕೂದಲೆಣ್ಣೆ. ಮಕ್ಕಳಾಗದ ಒಬ್ಬಳು ಫೋನನ್ನು ಅವನಿಗೆ ತೋರಿಸದೆ ಸೆರಗಿನಲ್ಲಿ ಮುಚ್ಚಿಕೊಂಡಳು. ಇಷ್ಟು ದಿನ ಇವರೆಲ್ಲರ ಮನೆಯ ಗುಟ್ಟು ಹುಡುಕಿಕೊಂಡು ಹೋಗಿ, ಅವನ ಮುಖ ಮುಂದಿಟ್ಟುಕೊಂಡು ಯಾರೋ ವ್ಯಾಪಾರ ಮಾಡಿದ್ದರು. ಅವನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಚಿಕ್ಕವೆಂಕಟಪ್ಪನ ಫೋನಿನಲ್ಲಿ ಗಡ್ಡದ ಮುದುಕನಿದ್ದ.

"ನಿಂಗೂ ಸಕ್ರೆ ಕಾಯ್ಲೆನಾ ಚಿಕ್ಕಪ್ಪ?"

"ಎರಡ್ ವರ್ಷ ಆಯ್ತಲ್ಲಪ್ಪ. ನೆನ್ನೆ ಪಾರ್ಸಲ್ ಬಂತು. ಇವತ್ತಿನಿಂದ ಮಾತ್ರೆ ಬಿಟ್ಟೆ" ಅಂದ ಚಿಕ್ಕವೆಂಕಟಪ್ಪ, ಹೇಳಿದ ಮಾತು ಕೇಳಿದ ವಿದ್ಯಾರ್ಥಿಯ ಹಾಗೆ.

ಸುಬ್ರಮಣಿ ಅಲ್ಲೇ ಅವನ ಕೈ ಹಿಡಿದುಕೊಂಡು ತಿನ್ನಬೇಡ ಅಂದ, ಬಿಸಾಕು ಅಂದ, ಅತ್ತೆಯ ಕಾಲು ಹೋದದ್ದನ್ನು ಹೇಳಿದ. ಚಿಕ್ಕವೆಂಕಟಪ್ಪ ಆಗಲಿ ಅಂದ. ಆಗಲಿ ಅಂದದ್ದು ಬಾಯಿ ಮಾತಿಗೆ ಅಂತ ಅವನ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು.

ಮರುದಿನ ಸುಬ್ರಮಣಿ ಹಾಲಿನ ಕೆಲಸ ಮುಗಿಸಿ ಕೂತು, ಬೇರೆಲ್ಲ ಬರಹಕ್ಕಿಂತ ಉದ್ದವಾಗಿ ಬರೆದ. ಸಕ್ಕರೆ ಕಾಯಿಲೆಯ ಪುಡಿಯನ್ನು ನಂಬಬೇಡಿ, ಮಾತ್ರೆ ಬಿಡಬೇಡಿ, ಸೂಜಿ ಬಿಡಬೇಡಿ, ನನ್ನ ಸಾಕಿದ ಅತ್ತೆಯ ಕಾಲು ಹೀಗೆ ಹೋಯಿತು ಅಂತ. ಚೂರ್ಣದ ಹೆಸರನ್ನೂ ಬರೆದ. ಬರೆಯುವಾಗ ಕಣ್ಣೀರು ಬಂತು. ಪುಟಕ್ಕೆ ಹಾಕಿದ. ಸಂಜೆ ಚಿಕ್ಕವೆಂಕಟಪ್ಪ ಮುಖ ಅರಳಿಸಿಕೊಂಡು ಬಂದ.

"ನೆನ್ನೆ ಬ್ಯಾಡ ಅಂದೆ, ಇವತ್ತು ನೀನೇ ದೊಡ್ಡದಾಗಿ ಆಕಿದೀಯಲ್ಲಪ್ಪ" ಅಂದು ಫೋನು ತೋರಿಸಿದ.

ಬರಹದಲ್ಲಿ ಸಕ್ಕರೆ, ಪುಡಿ, ಸೂಜಿ ಅನ್ನುವ ಮಾತು ಮತ್ತೆ ಮತ್ತೆ ಬಂದದ್ದೇ ತಡ, ಜಾಹೀರಾತಿನ ಯಂತ್ರ ಇದು ಸಕ್ಕರೆ ಪುಡಿಯ ಪುಟ ಅಂತ ತೀರ್ಮಾನಿಸಿ ಅದೇ ಸರಕನ್ನು ಇನ್ನಷ್ಟು ತಂದು ಸುರಿದಿತ್ತು. ಬರಹದ ಮೇಲೆ ಒಬ್ಬ ಮುದುಕ, ನಡುವೆ ಒಬ್ಬ ಮುದುಕ, ಕೊನೆಯಲ್ಲಿ ಒಬ್ಬ ಮುದುಕ. ಚಿಕ್ಕವೆಂಕಟಪ್ಪನಿಗೆ ಅಕ್ಷರ ಕೂಡಿಸಿ ಓದುವಷ್ಟೇ ಓದು. ಸಣ್ಣ ಅಕ್ಷರದ ಗೋಳನ್ನು ಬಿಟ್ಟು, ಫೋಟೋ ಇದ್ದದ್ದನ್ನು, ದಪ್ಪ ಅಕ್ಷರದಲ್ಲಿದ್ದದ್ದನ್ನು ಅವನು ಓದಿಕೊಂಡಿದ್ದ.

ಅವತ್ತು ಸುಬ್ರಮಣಿ ಆ ಒಂದು ಗುಂಡಿ ಒತ್ತಿದ. ಜಾಹೀರಾತು ಪೂರ್ತಿ ಹೋಯಿತು. ಪುಟ ಬೆಳ್ಳಗಾಯಿತು, ಬರೀ ಅವನ ಫೋಟೋ ಮತ್ತು ಬರಹ. ಬೆಳ್ಳಗಾಗಿ ಆಗಬೇಕಾದ್ದೇನೂ ಆಗಲಿಲ್ಲ. ಪುಡಿಯವರ ನಂಬರು ಊರಿನ ಹತ್ತಾರು ಫೋನಿನಲ್ಲಿ ಸೇರಿಕೊಂಡಾಗಿತ್ತು. ಕಲ್ಪನ ಮೊದಮೊದಲ ಸಂಭ್ರಮದಲ್ಲಿ ಆ ಪುಟದ ಫೋಟೋ ತೆಗೆದು, ಸುಬ್ರಮಣಿಯ ಮುಖವೂ ಮುದುಕನ ಮುಖವೂ ಒಟ್ಟಿಗಿರುವ ಹಾಗೆ, ತವರಿಗೂ ನೆಂಟರಿಗೂ ಕಳಿಸಿದ್ದಳು. ಅದು ಕಾಮಸಮುದ್ರ ದಾಟಿ ಆಂಧ್ರದ ಕಡೆಗೂ ಹೋಗಿತ್ತು. ಆ ಫೋಟೋಗೆ ಯಾವ ಗುಂಡಿಯೂ ಇಲ್ಲ.

ಕೊನೆಗೆ ಅವನು ನಿಜವಾದ ಗೋಡೆಗೇ ಬಂದ. ದೊಡ್ಡ ಕಾಗದದ ಮೇಲೆ ಕೈಯಾರೆ ಬರೆದು, ಮೂಲೆಯಲ್ಲಿ ನೀಲಿ ಇಂಕಿನ ರುಜು ಹಾಕಿ, ಹಾಲಿನ ಸಂಘದ ಮುಂದೆ ಅಂಟಿಸಿದ. 'ಆ ಪುಡಿ ಮೋಸ. ನನ್ನ ಪುಟದಲ್ಲಿ ಬಂದ ಜಾಹೀರಾತು ನಾನು ಹಾಕಿದ್ದಲ್ಲ.' ಜನ ನೋಡಿದರು, ಓದಿಸಿಕೊಂಡರು. ಓದಿಸಿಕೊಂಡವರು ತಮ್ಮ ತಮ್ಮಲ್ಲೇ ಒಂದು ಅರ್ಥ ಮಾಡಿಕೊಂಡರು. ರಾಧ ಅದನ್ನು ನೀರಿನ ಟ್ಯಾಂಕಿನ ಹತ್ತಿರ ಕೇಳಿಸಿಕೊಂಡು ಬಂದಳು.

"ಕಂಪ್ನಿಯೋರು ನಿಂಗೆ ಕಮಿಷನ್ ಕೊಡ್ಲಿಲ್ವಂತೆ. ಅದ್ಕೇ ಈಗ ಉಲ್ಟಾ ಒಡೀತಿದೀಯಂತೆ" ಅಂದಳು. ಆಮೇಲೆ ದನಿ ತಗ್ಗಿಸಿ, "ನಿಮ್ಮಪ್ಪ ಇದ್ದಿದ್ರೆ ಗೋಡೆಗೆ ಇಂಗಾಗ್ತಿರ್ಲಿಲ್ಲ ಅಂತಾನೂ ಅಂದ್ರು" ಅಂದಳು. ಸುಬ್ರಮಣಿ ಊಟದ ತಟ್ಟೆಯಲ್ಲೇ ಕೈ ತೊಳೆದ.

ಅಮ್ಮಾಜಮ್ಮನನ್ನು ಶ್ರಾವಣದಲ್ಲಿ ಮನೆಗೆ ಕರೆತಂದರು. ನಡುಮನೆಯಲ್ಲಿ, ಬಾಗಿಲಿನಿಂದ ಹಸು ಕಾಣುವ ಹಾಗೆ, ಮಂಚ ಹಾಕಿದ್ದರು. ಇನ್ನೊಂದು ಕಾಲಿನಲ್ಲೂ ರಕ್ತ ಸರಿಯಾಗಿ ಓಡುತ್ತಿಲ್ಲ, ಮಾತ್ರೆ ಒಂದು ಹೊತ್ತೂ ತಪ್ಪಬಾರದು ಅಂತ ಡಾಕ್ಟರು ಕಲ್ಪನಳಿಗೆ ನಾಲ್ಕು ಸಲ ಹೇಳಿ ಕಳಿಸಿದ್ದರು. ಸುಬ್ರಮಣಿ ಮಧ್ಯಾಹ್ನ ಸಂಘದ ಬಾಗಿಲು ಹಾಕಿಕೊಂಡು ಹೋಗಿ ಮಂಚದ ಪಕ್ಕ ನೆಲದ ಮೇಲೆ ಕೂತ. ಅವಳ ಸೀರೆ ಒಂದು ಕಡೆ ಚಪ್ಪಟೆಯಾಗಿ ಮಲಗಿತ್ತು. ಅದನ್ನು ನೋಡಬಾರದು ಅಂದುಕೊಂಡೂ ನೋಡಿದ.

"ಅತ್ತೆ, ಆ ಪುಡೀದು ನಾನ್ ಆಕಿದ್ದಲ್ಲ. ಯಾವನೋ ದುಡ್ಡು ಕೊಟ್ಟು ಆಕ್ದ. ನನ್ ಕಣ್ಣಿಗೆ ಬೀಳ್ಲೂ ಇಲ್ಲ."

"ನಿನ್ ಗೋಡೆ ಮ್ಯಾಲಾ?"

"ನನ್ ಗೋಡೆ ಮ್ಯಾಲೆ."

"ನಿನ್ನ ಒಂದ್ ಮಾತೂ ಕೇಳ್ದೆ?"

"ಒಂದ್ ಮಾತೂ ಕೇಳ್ದೆ."

ಅಮ್ಮಾಜಮ್ಮ ಯೋಚನೆ ಮಾಡಿದಳು. "ನಿನ್ ಒಪ್ಗೆ ಕೇಳಿ ಕಾಗ್ದ ಬರ್ದಿದ್ರಲ್ಲ ನಾಯ್ನಾ. ನಾನೇ ಈಸ್ಕಂಡೆ."

"ಅದ್ರಾಗೆ ಇದ್ದಿದ್ದು ಬರೀ ಆರ್ ನಂಬ್ರು ಅತ್ತೆ. ಅವತ್ತು ಎಲ್ರ ಮುಂದೆ ದೊಡ್ಡಸ್ತಿಕೆಗೆ ಸುಳ್ಳು ಏಳ್ದೆ."

ಇಷ್ಟು ದಿನ ಯಾರಿಗೂ ಹೇಳಿರದ ಮಾತು. ಹೇಳಿದ ಮೇಲೆ ಬೈಯುತ್ತಾಳೆ, ತಲೆಗೊಂದು ಮೊಟಕುತ್ತಾಳೆ ಅಂತ ಕಾದ. ಮೊಟಕಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು.

"ನನ್ ಕಾಲು ಓಯ್ತು ಅಂತ ನಿಂಗೆ ಸಂಕ್ಟ. ಅದ್ಕೆ ತಪ್ಪೆಲ್ಲ ಮೈ ಮ್ಯಾಲೆ ಎಳ್ಕಂತಿದೀಯ. ತಪ್ಪು ನಂದು ಕಣಪ್ಪ. ಹುಳಿ ತಿನ್ಬಾರ್ದು ಅಂತ ಪುಡಿಯೋರು ಪೋನಾಗೆ ಏಳಿದ್ರು. ಹದಿನೇಳ್ನೇ ದಿನ ನೆಂಟ್ರ ಮನ್ಯಾಗೆ ಹುಣಸೆಹುಳಿ ಬಿದ್ದ ಸಾರು ತಿಂದ್ಬಿಟ್ಟೆ. ಪಥ್ಯ ಕೆಟ್ಟೋಯ್ತು. ಪುಡಿ ಏನ್ ಮಾಡ್ತದೆ ಪಾಪ."

"ಅತ್ತೆ, ಪುಡೀನೇ ಮೋಸ."

"ಇರ್ಲಿ ಬಿಡು." ಅವಳು ಉಳಿದ ಕಾಲನ್ನು ಸೀರೆಯೊಳಗೆ ಸ್ವಲ್ಪ ಆಡಿಸಿದಳು. "ನಿನ್ ಪುಟದಾಗೆ ಈಗ ಆ ತಾತ ಕಾಣಲ್ವಂತಲ್ಲ. ಕಲ್ಪನಾನ ಕೇಳಿದ್ರೆ ಅಳ್ತಾಳೆ. ನಿಂಗಾದ್ರೆ ಕಂಪ್ನಿಯೋರು ಇಲ್ಲ ಅನ್ನಲ್ಲ. ಒಂದೇ ಒಂದ್ ಡಬ್ಬಿ ತರ್ಸಿಕೊಡು. ಈ ಸಲ ಪಥ್ಯ ಬಿಡಲ್ಲ. ಈ ಕಾಲಾದ್ರೂ ಉಳ್ಕೊಳ್ಳಿ."

ಸುಬ್ರಮಣಿ ಗೂಡಿನಲ್ಲಿದ್ದ ಮಾತ್ರೆಯ ಪಟ್ಟಿಯಿಂದ ಒಂದನ್ನು ಒತ್ತಿ ತೆಗೆದು, ಲೋಟದಲ್ಲಿ ನೀರು ತಂದು, "ಇದನ್ನ ನುಂಗತ್ತೆ. ನನ್ ಮುಂದೆ ನುಂಗು" ಅಂದ. ಅವಳು ಮರುಮಾತಿಲ್ಲದೆ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಬಾಯಿ ತೆರೆದೂ ತೋರಿಸಿದಳು, ಅವನು ಚಿಕ್ಕವನಾಗಿದ್ದಾಗ ಜ್ವರದ ಮಾತ್ರೆ ನುಂಗಿ ಅವಳಿಗೆ ತೋರಿಸುತ್ತಿದ್ದ ಹಾಗೆ. ಅವನಿಗೆ ಎಷ್ಟೋ ದಿನದ ಮೇಲೆ ಎದೆ ಒಂದಿಷ್ಟು ಸಡಿಲವಾಯಿತು. ದಿನಾ ಮೂರು ಹೊತ್ತೂ ತಾನೇ ಬಂದು ನುಂಗಿಸುವುದು ಅಂತ ಗಟ್ಟಿ ಮಾಡಿಕೊಂಡ. ಅಷ್ಟಾದರೂ ತನ್ನ ಕೈಲಿದೆ ಅನ್ನಿಸಿತು.

ಸಂಜೆಯ ಹಾಲಿಗೆ ಹೊತ್ತಾಗಿತ್ತು. ಎದ್ದು ಹೊರಟವನು ಬೀದಿಗೆ ಇಳಿದ ಮೇಲೆ ಸಂಘದ ಬೀಗದಕೈ ಮಂಚದ ಹತ್ತಿರವೇ ಬಿಟ್ಟದ್ದು ನೆನಪಾಗಿ ಹಿಂದಕ್ಕೆ ಬಂದ. ಬಾಗಿಲಲ್ಲೇ ನಿಂತುಬಿಟ್ಟ. ಅಮ್ಮಾಜಮ್ಮ ದವಡೆಯ ಸಂದಿಯಿಂದ ಮಾತ್ರೆಯನ್ನು ಬೆರಳಿನಲ್ಲಿ ತೆಗೆದು ಸೀರೆಗೆ ಒರೆಸುತ್ತಿದ್ದಳು. ಮಡಿಲ ಮೇಲೆ ಸೆರಗಿನ ಗಂಟು ಬಿಚ್ಚಿತ್ತು. ಗಂಟಿನಲ್ಲಿ ಅಂಥವೇ ಬಿಳಿ ಮಾತ್ರೆ ಹಿಡಿಯಷ್ಟಿದ್ದವು.

ಅವನನ್ನು ಕಂಡು ಅವಳು ಗಾಬರಿಯಾಗಲಿಲ್ಲ. ಮಾತ್ರೆಯನ್ನು ಮಿಕ್ಕವುಗಳ ಜೊತೆ ಸೇರಿಸಿ ನಿಧಾನವಾಗಿ ಗಂಟು ಹಾಕಿಕೊಂಡಳು.

"ಬೇಜಾರ್ ಮಾಡ್ಕೋಬ್ಯಾಡ ನಾಯ್ನಾ" ಅಂದಳು. "ನೀನ್ ಮೊದ್ಲು ಏಳಿದ್ದನ್ನೇ ನಾನ್ ಮಾಡ್ತಿರೋದು."